ಪ್ರತಿ ತೂತಿಗೂ ಒಂದು ಕೆಲಸ

ಸಮುದ್ರ ನೋಡಬೇಕೆಂದರೆ ಶಿರಸಿಯವರು ದೇವಿಮನೆ ಘಟ್ಟ ಇಳಿಯಬೇಕು, ಸಿದ್ದಾಪುರದವರು ದೊಡ್ಮನೆ ಘಟ್ಟ, ಯಲ್ಲಾಪುರದವರು ಅರಬೈಲ್ ಘಟ್ಟ. ಹಾಗಿದ್ದರೂ ನಮ್ಮ ಘಟ್ಟದ ಮೇಲಿನ ಮಕ್ಕಳಿಗೆ ಜಲಾಂತರ್ಗಾಮಿಯ ಹುಚ್ಚು ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮದೇ ಜಿಲ್ಲೆಯ ಕಾರವಾರದಲ್ಲಿ ನೌಕಾಪಡೆಯ ದೊಡ್ಡ ನೆಲೆ ಇದೆ. 2005ರಲ್ಲಿ ಶುರುವಾದ ಆ ನೆಲೆಯ ಹೆಸರು ಐ.ಎನ್.ಎಸ್. ಕದಂಬ. ಆ ಕದಂಬರ ರಾಜಧಾನಿಯಾಗಿದ್ದ ಬನವಾಸಿ ಇರುವುದು ಶಿರಸಿ ತಾಲ್ಲೂಕಿನಲ್ಲಿ!

ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ಯಾರಾದರೊಬ್ಬರು ಜಲಾಂತರ್ಗಾಮಿಯ ಮಾದರಿ ಮಾಡಿಯೇ ಮಾಡುತ್ತಾರೆ. ಈ ಸಲ ಯಲ್ಲಾಪುರದಲ್ಲಿ ಏಳನೆಯ ತರಗತಿ ಓದುವ ನನ್ನ ತಂಗಿಯ ಮೊಮ್ಮಗ ಮಾಡಿದ್ದ. ಪೈಪಿನ ತುಂಡಿಗೆ ಬಣ್ಣ ಬಳಿದು, ಮೇಲೆ ಎರಡು ಫಿರಂಗಿ, ನಾಲ್ಕು ಬಾವುಟ, ಸುತ್ತಲೂ ಮಿಣುಕು ದೀಪದ ಸರ ಅಂಟಿಸಿದ್ದ. “ಅಜ್ಜಾ, ಇನ್ನೂ ಏನು ಸೇರಿಸಿದರೆ ನಿಜವಾದದ್ದರ ಹಾಗೆ ಕಾಣುತ್ತದೆ?” ಎಂದು ಕೇಳಿದ. “ಈಗ ಅಂಟಿಸಿದ ಒಂದೊಂದಕ್ಕೂ ಏನು ಕೆಲಸ, ಅದನ್ನು ಮೊದಲು ಹೇಳು” ಎಂದೆ. ಫಿರಂಗಿಯ ಹತ್ತಿರ ಬಂದಾಗ ಸುಮ್ಮನಾದ. ಮಹಾಯುದ್ಧದ ಕಾಲದ ಜಲಾಂತರ್ಗಾಮಿಗಳ ಮೇಲೆ ಫಿರಂಗಿ ಇರುತ್ತಿತ್ತು. ಆದರೆ ಅವನು ಮಾಡಲು ಹೊರಟಿದ್ದ ನಮ್ಮ ಕುರ್ಸುರಾದ ಮೇಲೆ ಇರಲಿಲ್ಲ.

ಬ್ಯಾಂಕಿನಲ್ಲಿ ನಾವು ವೋಚರ್ ಇಲ್ಲದೆ ಲೆಡ್ಜರಿನಲ್ಲಿ ಒಂದು ರೂಪಾಯಿಯನ್ನೂ ಬರೆಯುತ್ತಿರಲಿಲ್ಲ. ಮಾದರಿ ಮಾಡುವುದಕ್ಕೂ ಅದೇ ನಿಯಮ. ಸೂಕ್ಷ್ಮ ಕೆಲಸವೆಂದರೆ ಸಾಮಾನು ಸೇರಿಸುತ್ತಾ ಹೋಗುವುದಲ್ಲ. ನಿಜವಾದದ್ದರಲ್ಲಿ ಇರುವುದನ್ನು, ಅದು ಯಾಕೆ ಇದೆ ಎಂದು ತಿಳಿದು, ಸರಿಯಾದ ಅಳತೆಯಲ್ಲಿ ಇಡುವುದು.

ಮಾದರಿಗೆ ಐ.ಎನ್.ಎಸ್. ಕುರ್ಸುರಾ ಒಳ್ಳೆಯ ಆಯ್ಕೆ. 1969ರಲ್ಲಿ ನೌಕಾಪಡೆಗೆ ಸೇರಿ 2001ರಲ್ಲಿ ನಿವೃತ್ತಿಯಾದ ಇದನ್ನು ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ದಡಕ್ಕೆ ತಂದು ನಿಲ್ಲಿಸಿದ್ದಾರೆ. 2002ರಿಂದ ಅದು ವಸ್ತುಸಂಗ್ರಹಾಲಯ. ಒಳಗೆ ಹೊಕ್ಕು ನೋಡಬಹುದು. ನೆಲದ ಮೇಲೆ ನಿಂತಿರುವುದರಿಂದ ನೀರಿನೊಳಗೆ ಇರುವ ಭಾಗವೂ ಫೋಟೋಗಳಲ್ಲಿ ಕಾಣುತ್ತದೆ.

ಇದರ ಉದ್ದ 91.3 ಮೀಟರ್, ಅಗಲ ಸುಮಾರು 7.5 ಮೀಟರ್. ನೂರಕ್ಕೆ ಒಂದರ ಅಳತೆ ಹಿಡಿಯಿರಿ. ಮೀಟರ್ ಇದ್ದದ್ದು ಸೆಂಟಿಮೀಟರ್ ಆಗುತ್ತದೆ. 91 ಸೆಂ.ಮೀ. ಉದ್ದ, ಏಳೂವರೆ ಸೆಂ.ಮೀ. ಅಗಲ. ತೋಟಕ್ಕೆ ನೀರು ಹಾಯಿಸಲು ತರುವ 75 ಮಿ.ಮೀ. ಪಿವಿಸಿ ಪೈಪು ಸರಿಯಾಗಿ ಇದೇ ದಪ್ಪ! ಉಳಿದ ತುಂಡು ಯಾರದಾದರೂ ತೋಟದ ಮನೆಯಲ್ಲಿ ಸಿಕ್ಕೀತು. ಎರಡು ತುದಿಗಳು ಸಪೂರವಾಗುತ್ತಾ ಹೋಗಬೇಕು. ಅದಕ್ಕೆ ಮೆದು ಮರ ಅಥವಾ ಬಾಸಿಂಗ ಮಾಡುವ ಬೆಂಡು ಕೆತ್ತಿ ಸೇರಿಸಿ. ನಮ್ಮ ಗುಡಿಗಾರರು ಗಂಧದ ಆನೆ ಕೆತ್ತುವುದನ್ನು ನೋಡಿದ್ದೀರಾ? ಮೊದಲು ಆನೆಯ ಮೈ ಸರಿಯಾಗಬೇಕು. ಜೂಲಿನ ಕುಸುರಿ ಆಮೇಲೆ.

ಇನ್ನು ದಪ್ಪದ ಲೆಕ್ಕ. ಹಿಡಿದು ನಡೆಯುವ ಕಂಬಿಗೆ ಮಕ್ಕಳು ಕಡ್ಡಿಪೆಟ್ಟಿಗೆಯ ಕಡ್ಡಿ ಅಂಟಿಸುತ್ತಾರೆ. ಕಡ್ಡಿಯ ದಪ್ಪ 2 ಮಿ.ಮೀ. ನೂರು ಪಟ್ಟು ಮಾಡಿದರೆ 20 ಸೆಂ.ಮೀ.! ಅಡಿಕೆ ಮರದ ದಪ್ಪದ ಕಂಬಿಯನ್ನು ಯಾವ ನಾವಿಕ ಹಿಡಿದಾನು? ನಿಜವಾದ ಕಂಬಿ 3 ಸೆಂ.ಮೀ. ದಪ್ಪ ಎಂದಿಟ್ಟುಕೊಂಡರೂ ಮಾದರಿಯಲ್ಲಿ 0.3 ಮಿ.ಮೀ. ಇರಬೇಕು. ಹಳೆಯ ವಯರು ಸುಲಿದರೆ ಒಳಗೆ ಸಿಗುವ ತಾಮ್ರದ ಎಳೆ ಅದಕ್ಕೆ ಹೊಂದುತ್ತದೆ. ಕಡ್ಡಿಯನ್ನು ಪೆರಿಸ್ಕೋಪಿನ ಕೊಳವೆಗೆ ಇಟ್ಟುಕೊಳ್ಳಿ. ಹಿಂದುಗಡೆ ತಿರುಗುವ ರೆಕ್ಕೆಚಕ್ರ ಒಂದೇ ಅಲ್ಲ, ಕುರ್ಸುರಾಕ್ಕೆ ಮೂರು: ನಡುವೆ ಒಂದು, ಎಡಬಲಕ್ಕೆ ಒಂದೊಂದು. ತಂಪು ಪಾನೀಯದ ಖಾಲಿ ಡಬ್ಬಿಯ ತಗಡಿನಲ್ಲಿ ಕತ್ತರಿಸಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ತೂತುಗಳು. ಕುರ್ಸುರಾದ ಫೋಟೋ ನೋಡಿದರೆ ಪಕ್ಕದಲ್ಲಿ ಉದ್ದಕ್ಕೂ ಸಾಲು ಸಾಲು ಕಂಡಿಗಳು ಕಾಣುತ್ತವೆ. ಹೆಚ್ಚಿನವರು ಅವನ್ನು ಕಪ್ಪು ಪೆನ್ನಿನಿಂದ ಬರೆದುಬಿಡುತ್ತಾರೆ. ಜಲಾಂತರ್ಗಾಮಿಗೆ ಎರಡು ಮೈ. ಜನ ಇರುವ ಒಳಮೈ ಗಟ್ಟಿ. ನೀರಿನ ಒತ್ತಡ ತಡೆಯುವುದು ಅದು. ಹೊರಗಿನದು ತೆಳು ಹೊದಿಕೆ. ಹಡಗು ಮುಳುಗುವಾಗ ಹೊದಿಕೆಯ ಕೆಳಗೆ ಗಾಳಿ ಸಿಕ್ಕಿಕೊಂಡರೆ ಅದು ಬೆಂಡಿನ ಹಾಗೆ ತೇಲಿಸುತ್ತದೆ. ಏಳುವಾಗ ನೀರು ಸಿಕ್ಕಿಕೊಂಡರೆ ಮೇಲ್ಭಾರವಾಗಿ ಹೊಯ್ದಾಡುತ್ತದೆ. ನೀರೂ ಗಾಳಿಯೂ ಥಟ್ಟನೆ ಬಂದು ಹೋಗಲಿ ಎಂದೇ ಆ ಕಂಡಿಗಳು.

ಆದ್ದರಿಂದ ಅವನ್ನು ಬರೆಯಬೇಡಿ, ಕೊರೆಯಿರಿ. ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು, 1 ಮಿ.ಮೀ. ಮೊನೆ ಹಾಕಿದ ಕೈಡ್ರಿಲ್ಲಿನಿಂದ ಒತ್ತೊತ್ತಾಗಿ ಎರಡು ಮೂರು ತೂತು ಮಾಡಿ ಸೇರಿಸಿದರೆ ಒಂದು ಕಂಡಿ. ಪೈಪಿನ ಒಳಗಿನ ಕತ್ತಲೆಯೇ ಕಂಡಿಗೆ ಆಳ ಕೊಡುತ್ತದೆ. ಯಾವ ಪೆನ್ನೂ ಅದನ್ನು ಕೊಡಲಾರದು. ನಮ್ಮ ಹುಡುಗ ಫಿರಂಗಿ, ಬಾವುಟ, ದೀಪ ಎಲ್ಲ ಕಿತ್ತು ನಾಲ್ಕು ದಿನ ಕೂತು ಕೊರೆದ. ಬಹುಮಾನ ಬೇರೆ ಮಾದರಿಗೆ ಹೋಯಿತು. ಆದರೆ “ಇದೆಲ್ಲ ಯಾಕೆ ತೂತು?” ಎಂದು ಕೇಳಿದವರಿಗೆಲ್ಲ ಅವನು ತಡವರಿಸದೆ ಉತ್ತರ ಹೇಳಿದನಂತೆ.

ಕೊನೆಗೆ ಬಣ್ಣ. ಮಂದ ಬಣ್ಣವನ್ನು ಒಂದೇ ಸಲ ಬಳಿದರೆ ಕೊರೆದ ತೂತೆಲ್ಲ ಮುಚ್ಚಿಹೋಗುತ್ತದೆ. ತೆಳುವಾಗಿ ಎರಡು ಸಲ ಬಳಿಯಿರಿ. ಒಣಗುವ ಮೊದಲೇ ಹಿಡಿಕಡ್ಡಿಯ ತುದಿಯಿಂದ ಪ್ರತಿ ತೂತನ್ನೂ ಬಿಡಿಸಿ.

ಇದು ಅಂದಕ್ಕೆ ಮಾತ್ರ ಹೇಳಿದ ಮಾತಲ್ಲ. 1939ರ ಜೂನ್ 1ರಂದು ಇಂಗ್ಲೆಂಡಿನ ಲಿವರ್‌ಪೂಲ್ ಕೊಲ್ಲಿಯಲ್ಲಿ ಥೀಟಿಸ್ ಎಂಬ ಹೊಸ ಜಲಾಂತರ್ಗಾಮಿಯ ಪರೀಕ್ಷೆ ನಡೆದಿತ್ತು. ಟಾರ್ಪಿಡೋ ಕೊಳವೆಯ ಒಳಬಾಗಿಲಿಗೆ ಒಂದು ಸಣ್ಣ ನಲ್ಲಿ ಇರುತ್ತದೆ. ಅದನ್ನು ತಿರುಗಿಸಿದಾಗ ನೀರು ಚಿಮ್ಮಿದರೆ ಕೊಳವೆಯಲ್ಲಿ ನೀರಿದೆ, ಬಾಗಿಲು ತೆರೆಯಬಾರದು ಎಂದು ಅರ್ಥ. ಅಂದು ತಿರುಗಿಸಿದರೆ ನೀರು ಬರಲಿಲ್ಲ. ಬಾಗಿಲು ತೆರೆದರು. ಕೊಳವೆಯ ಹೊರಬಾಗಿಲು ತೆರೆದೇ ಇತ್ತು, ಸಮುದ್ರ ಒಳನುಗ್ಗಿತು. ಹಡಗಿನಲ್ಲಿದ್ದ 103 ಜನರಲ್ಲಿ ಬದುಕಿ ಹೊರಬಂದವರು ನಾಲ್ಕೇ ಮಂದಿ. ಆ ನಲ್ಲಿಯ ಸಣ್ಣ ತೂತು ಬಣ್ಣದಿಂದ ಮುಚ್ಚಿಹೋಗಿತ್ತು ಎಂದು ಆಮೇಲೆ ತಿಳಿಯಿತು.

ಮಕ್ಕಳೇ, ರಜೆಯಲ್ಲಿ ಕಾರವಾರಕ್ಕೆ ಹೋದರೆ ಟಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯನ್ನು ನೋಡಿ. ಅದು ಜಲಾಂತರ್ಗಾಮಿಯಲ್ಲ, ಆದರೂ ಕಂಬಿ ಕಂಬಿಯೇ. ಜೇಬಿನಲ್ಲಿ ಒಂದು ದಾರವಿರಲಿ. ಕಂಬಿಗೆ ಒಂದು ಸುತ್ತು ಸುತ್ತಿ, ದಾರ ಅಳೆದು, 3.14ರಿಂದ ಭಾಗಿಸಿ. ಬಂದದ್ದು ಕಂಬಿಯ ದಪ್ಪ. ಅದನ್ನು ನೂರರಿಂದ ಭಾಗಿಸಿದರೆ ನಿಮಗೆ ಎಷ್ಟು ದಪ್ಪದ ತಂತಿ ಬೇಕೆಂದು ಗೊತ್ತಾಗುತ್ತದೆ.