ಫಿಟ್ಸ್ ಬಂದಾಗ ಸ್ಪ್ರೇ ಹೊಡೆಯುವವರು ಯಾರು?

ಟೆಕ್ ಪಾರ್ಕು, ಅಪಾರ್ಟ್‌ಮೆಂಟುಗಳ ನಡುವಿನ ಬೆಂಗಳೂರಿನ ದೊಡ್ಡನೆಕ್ಕುಂದಿಯಲ್ಲಿ ಡೇ ಕೇರ್‌ಗಳಿಗೆ ಬರವಿಲ್ಲ. ಮಾತು ಕಲಿಸುವ, ನಡಿಗೆ ತಿದ್ದುವ ಥೆರಪಿ ಸೆಂಟರುಗಳಿಗೂ ಬರವಿಲ್ಲ. ಆದರೆ ಆಗಾಗ ಫಿಟ್ಸ್ ಬರುವ, ಮೂಗಿನ ಟ್ಯೂಬಿನಲ್ಲೇ ಹಾಲು ಇಳಿಯಬೇಕಾದ ಅಥವಾ ಊಟಕ್ಕೆ ಮುಂಚೆ ಇನ್ಸುಲಿನ್ ಬೇಕಾದ ಮಗುವನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಯಾರ ಕೈಗೆ ಒಪ್ಪಿಸುವುದು? ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ತಾಯಿಯ ರಾಜೀನಾಮೆ ಪತ್ರ.

ಇಂಥ ಮಗುವನ್ನು ನೋಡಿಕೊಳ್ಳುವ ಕೆಲಸ ಸಣ್ಣದಲ್ಲ. ಟ್ಯೂಬಿನಲ್ಲಿ ಹಾಲು ಬಿಡುವ ಮುನ್ನ ಪ್ರತಿ ಸಲವೂ ಅದರ ತುದಿ ಹೊಟ್ಟೆಯಲ್ಲೇ ಇದೆಯೇ ಎಂದು ಪರೀಕ್ಷಿಸಬೇಕು. ಜಾರಿದ್ದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಫಿಟ್ಸ್ ಐದು ನಿಮಿಷ ದಾಟಿದರೆ ವೈದ್ಯರು ಬರೆದುಕೊಟ್ಟ ಮಿಡಾಜೊಲಾಮ್ ಸ್ಪ್ರೇಯನ್ನು ಮೂಗಿಗೆ ಹೊಡೆಯಬೇಕು. ಆಯಾಗಳಷ್ಟೇ ಇರುವ ಡೇ ಕೇರಿನಲ್ಲಿ ಗಡಿಯಾರ ನೋಡುವವರು ಯಾರು, ಹೊಡೆಯುವ ಅಧಿಕಾರ ಯಾರಿಗೆ?

ಕಾನೂನು ಇಲ್ಲವೆಂದಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, ಫಿಸಿಯೊಥೆರಪಿ ಕೇಂದ್ರಗಳನ್ನಷ್ಟೇ ಅಲ್ಲ, ಯಾವ ಹೆಸರಿನಲ್ಲೇ ಇರಲಿ, ಪುನಶ್ಚೇತನ ಚಿಕಿತ್ಸೆ ಕೊಡುವ ಜಾಗಗಳನ್ನೂ ನೋಂದಣಿಯ ವ್ಯಾಪ್ತಿಗೆ ತಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ಅಂಗವಿಕಲರಿಗಾಗಿ ಸಂಸ್ಥೆ ನಡೆಸಲು ಪ್ರಮಾಣಪತ್ರ ಬೇಕು. ಆದರೆ ಬೋರ್ಡಿನ ಮೇಲೆ ‘ಡೇ ಕೇರ್’ ಎಂದಷ್ಟೇ ಬರೆಸಿ, ಒಳಗೆ ಇಂಥ ಮಕ್ಕಳನ್ನೂ ಸೇರಿಸಿಕೊಂಡರೆ? ಅದು ಕ್ಲಿನಿಕ್ಕೂ ಅಲ್ಲ, ಶಾಲೆಯೂ ಅಲ್ಲ.

ಇಲ್ಲೊಂದು ವಿಚಿತ್ರವಿದೆ. ಸರ್ಕಾರ ಹಣ ಕೊಡುವ ಕಡೆ ನಿಯಮಗಳು ವಿವರವಾಗಿವೆ. ಅಂಗವಿಕಲರಿಗಾಗಿ ಕೇಂದ್ರ ಸರ್ಕಾರ ರಚಿಸಿದ ನ್ಯಾಷನಲ್ ಟ್ರಸ್ಟ್‌ನ ‘ದಿಶಾ’, ‘ವಿಕಾಸ್’ ಯೋಜನೆಗಳಲ್ಲಿ ಕೇಂದ್ರ ಎಷ್ಟು ಗಂಟೆ ತೆರೆದಿರಬೇಕು, ಯಾವ ಸಿಬ್ಬಂದಿ ಇರಬೇಕು ಎಂಬುದು ಬರಹದಲ್ಲಿದೆ. ರಾಜ್ಯ ಸರ್ಕಾರದ ಗ್ರಾಮೀಣ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ಗೂ ಮಾರ್ಗಸೂಚಿ ಇದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯು 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕೆಂದಿತು. ಮರುವರ್ಷ ಕೇಂದ್ರ ಸರ್ಕಾರ ಅದಕ್ಕೆ ಕನಿಷ್ಠ ಮಾನದಂಡಗಳನ್ನೂ ಪ್ರಕಟಿಸಿತು. ಅವು ಮಾರ್ಗಸೂಚಿಗಳು, ಪರವಾನಗಿಯಲ್ಲ. ಪೋಷಕರೇ ಜೇಬಿನಿಂದ ತೆರುವ ಕಡೆ, ಅದೂ ಅತಿ ಹೆಚ್ಚು ನಿಗಾ ಬೇಕಾದ ಮಗುವಿನ ವಿಷಯದಲ್ಲಿ, ಕೇಳುವವರೇ ಇಲ್ಲ.

ಅಮೆರಿಕದ ಫ್ಲಾರಿಡಾ ಇಂಥ ಕೇಂದ್ರಗಳಿಗೆ ಪ್ರತ್ಯೇಕ ವರ್ಗವನ್ನೇ ಮಾಡಿದೆ. ವೈದ್ಯಕೀಯ ಆರೈಕೆಯ ಮೇಲೆ ಅವಲಂಬಿತರಾದ ಮೂವರು ಅಥವಾ ಹೆಚ್ಚು ಮಕ್ಕಳನ್ನು ಹಗಲಿನಲ್ಲಿ ನೋಡಿಕೊಂಡರೆ ರಾಜ್ಯದ ಲೈಸೆನ್ಸ್ ಬೇಕು. ವೈದ್ಯರ ಚೀಟಿಯಿಲ್ಲದೆ ಮಗುವನ್ನು ಸೇರಿಸುವಂತಿಲ್ಲ, ದಿನಕ್ಕೆ 12 ಗಂಟೆ ಮೀರುವಂತಿಲ್ಲ.

ನಮ್ಮಲ್ಲಿ ನಂಬಿಕೆಯೆಲ್ಲ ಸಿಸಿಟಿವಿಯ ಮೇಲೆ. 2023ರ ಜೂನ್‌ನಲ್ಲಿ ಚಿಕ್ಕಲ್ಲಸಂದ್ರದ ಪ್ರೀಸ್ಕೂಲೊಂದರಲ್ಲಿ ಒಂದು ಮಗು ಇನ್ನೊಂದನ್ನು ಹೊಡೆಯುತ್ತಲೇ ಇದ್ದ ದೃಶ್ಯ ಊರೆಲ್ಲ ಹರಿದಾಡಿತು. ಕ್ಯಾಮೆರಾ ತನ್ನ ಕೆಲಸ ಮಾಡಿತ್ತು. ಕೋಣೆಯಲ್ಲಿ ದೊಡ್ಡವರು ಇರಲಿಲ್ಲ. ಮೊಬೈಲಿನಲ್ಲಿ ಮಗುವನ್ನು ನೋಡುತ್ತಿರುವ ತಾಯಿ ಆಫೀಸಿನಿಂದ ಟ್ಯೂಬ್ ಸರಿಮಾಡಲಾರಳು.

ಹಾಗೆಂದು ನಿಯಮದ ಕೊಡಲಿ ಬೀಸಿದರೆ ಮೊದಲು ಮುಚ್ಚುವುದು ಪೋಷಕರೇ ಕಟ್ಟಿದ ಸಣ್ಣ ಕೇಂದ್ರಗಳು. ಹತ್ತಿರದ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಶುರುವಾಗಿದ್ದೂ ಪೋಷಕರು, ತಜ್ಞರು ಕೂಡಿ ಮಾಡಿದ ಪ್ರಯತ್ನದಿಂದಲೇ. 2017ರ ನವೆಂಬರ್‌ನಲ್ಲಿ ಕೆಪಿಎಂಇ ತಿದ್ದುಪಡಿ ವಿರೋಧಿಸಿ ಖಾಸಗಿ ವೈದ್ಯರು ಬೀದಿಗಿಳಿದಾಗ ರೋಗಿಗಳು ಪಟ್ಟ ಪಾಡು ಇನ್ನೂ ಮರೆತಿಲ್ಲ. ಆದ್ದರಿಂದ ಚದರಡಿ ಲೆಕ್ಕದಿಂದ ಆರಂಭಿಸುವುದು ಬೇಡ. ಮೊದಲು ನರ್ಸ್ ಬೇಕು. ಪ್ರತಿ ಮಗುವಿಗೂ ವೈದ್ಯರ ಸಹಿಯುಳ್ಳ ಆರೈಕೆ ಪತ್ರ, ಹತ್ತಿರದ ಆಸ್ಪತ್ರೆಯೊಂದಿಗೆ ಲಿಖಿತ ಒಪ್ಪಂದ, ಔಷಧ ಕೊಟ್ಟ ಹೊತ್ತು ಬರೆದಿಡುವ ಪುಸ್ತಕ ಇದ್ದರೆ ಆರಂಭಕ್ಕೆ ಸಾಕು.

ಇದಕ್ಕೆ ಹೊಸ ಕಾಯ್ದೆಗೆ ಕಾಯಬೇಕಿಲ್ಲ. ಆರೋಗ್ಯ ಇಲಾಖೆ ಕೆಪಿಎಂಇ ನಿಯಮಗಳಲ್ಲಿ ‘ಮಕ್ಕಳ ಹಗಲು ಆರೈಕೆ ಕೇಂದ್ರ’ ಎಂಬ ವರ್ಗವೊಂದನ್ನು ಸೇರಿಸಬಹುದು. ನೋಂದಣಿ ಪ್ರಾಧಿಕಾರದ ಅಧ್ಯಕ್ಷರು ಹೇಗೂ ಜಿಲ್ಲಾಧಿಕಾರಿ. 2025ರಲ್ಲಿ ಹುಟ್ಟಿದ ಬೆಂಗಳೂರು ಪೂರ್ವ ನಗರ ಪಾಲಿಕೆಯಂತೂ ಡೇ ಕೇರ್ ನಡೆಸುವವರು ಉದ್ದಿಮೆ ಪರವಾನಗಿಗೆ ಬಂದಾಗ ಅರ್ಜಿಯಲ್ಲಿ ಒಂದೇ ಸಾಲು ಕೇಳಬಹುದು: ಇಲ್ಲಿ ಔಷಧ, ಟ್ಯೂಬ್ ಅಥವಾ ಆಮ್ಲಜನಕ ಬೇಕಾದ ಮಕ್ಕಳು ಎಷ್ಟು ಮಂದಿ ಇದ್ದಾರೆ?