ಮಂಡಿ ಆಪರೇಷನ್‌ಗೆ ಒಪ್ಪುವ ಮೊದಲು



ಕಬಡ್ಡಿ ಆಡುವಾಗ ಹದಿನಾರರ ನನ್ನ ಮಗಳ ಮಂಡಿ ತಿರುಚಿ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಎಂಆರ್‌ಐ ವರದಿ ಬಂದ ದಿನವೇ ಆಪರೇಷನ್‌ಗೆ ದಿನಾಂಕ ಕೊಟ್ಟರು. ನಾವು ಇನ್ನೊಬ್ಬ ಮೂಳೆತಜ್ಞರನ್ನು ಕಂಡೆವು. ಮಂಡಿಯೊಳಗೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿದಿದೆಯೇ, ನಡೆಯುವಾಗ ಮಂಡಿ ಕುಸಿಯುತ್ತದೆಯೇ, ಮೂಳೆಯ ಬೆಳವಣಿಗೆ ಮುಗಿದಿದೆಯೇ, ಹುಡುಗಿಗೆ ಮತ್ತೆ ಅಂಕಣಕ್ಕಿಳಿಯುವ ಆಸೆಯಿದೆಯೇ ಎಂಬುದನ್ನೆಲ್ಲ ನೋಡಿಯೇ ತೀರ್ಮಾನಿಸಬೇಕು ಎಂದು ಅವರು ಬಿಡಿಸಿ ಹೇಳಿದರು.

ಸ್ವೀಡನ್‌ನಲ್ಲಿ 121 ಯುವ ವಯಸ್ಕರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ವ್ಯಾಯಾಮ ಚಿಕಿತ್ಸೆ ಪಡೆದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡು ವರ್ಷದವರೆಗೆ ಆಪರೇಷನ್ ಬೇಕಾಗಲಿಲ್ಲ. ಆದರೆ ಅವರು ಹದಿನಾರರ ಮಕ್ಕಳಲ್ಲ. ಕುಸಿಯುವ ಮಂಡಿಯಲ್ಲೇ ಆಡಿದರೆ ಮೆನಿಸ್ಕಸ್ ಹಾಳಾಗಬಹುದು. ಕಬಡ್ಡಿ ಬಿಡಲೊಲ್ಲದ ಮಗಳಿಗೆ ಶಸ್ತ್ರಚಿಕಿತ್ಸೆಯೇ ಸರಿ ಎಂದು ಒಪ್ಪಿದೆವು. ಊತ ಇಳಿದು ಕಾಲು ಪೂರ್ತಿ ಚಾಚುವವರೆಗೆ ಕಾದೆವು.

ಕಷ್ಟವಿರುವುದು ಆಮೇಲೆ. ತಿಂಗಳುಗಟ್ಟಲೆ ಫಿಸಿಯೋಥೆರಪಿ ಬೇಕು. ಒಂಬತ್ತು ತಿಂಗಳಿಗೆ ಮುಂಚೆಯೇ ಆಟಕ್ಕಿಳಿದರೆ ಮತ್ತೆ ಗಾಯವಾಗುವ ಅಪಾಯ ಹೆಚ್ಚು. ಹಳ್ಳಿಯಿಂದ ಫಿಸಿಯೋಥೆರಪಿಗಾಗಿ ಜಿಲ್ಲಾ ಕೇಂದ್ರಕ್ಕೆ ಅಲೆಯುವುದು ಎಷ್ಟು ಮನೆಗಳಿಗೆ ಸಾಧ್ಯ? ತಾಲ್ಲೂಕು ಆಸ್ಪತ್ರೆಗಳಲ್ಲೂ ಕ್ರೀಡಾ ವಸತಿ ನಿಲಯಗಳಲ್ಲೂ ಫಿಸಿಯೋಥೆರಪಿಸ್ಟ್ ಇರುವಂತೆ ಸರ್ಕಾರ ದಯವಿಟ್ಟು ನೋಡಿಕೊಳ್ಳಲಿ.

– ಕಬಡ್ಡಿ ಆಟಗಾರ್ತಿಯ ತಾಯಿ, ಮಂಡ್ಯ ಜಿಲ್ಲೆ