ಗೇಟಿನ ಹೊರಗೆ ಕಾಯುವವನು ಯಾರು?

ಕರ್ನಾಟಕ ಕಾರಾಗೃಹ ಇಲಾಖೆಯ ಮುಖ್ಯಸ್ಥರಿಗೆ,



ಬಿಡುಗಡೆಯಾದ ಹೆಣ್ಣುಮಗಳು ಮತ್ತೆ ಕೇಸಿನಲ್ಲಿ ಸಿಕ್ಕಿಬಿದ್ದು ಒಳಗೆ ಬಂದಾಗ ಜೈಲಿನಿಂದ ಕೋರ್ಟಿನ ಪಡಸಾಲೆಯವರೆಗೆ ಕೇಳಿಬರುವ ಮಾತು ಒಂದೇ: ‘ಹುಟ್ಟುಗುಣ ಸುಟ್ಟರೂ ಹೋಗದು.’ ಗುಣದ ಮಾತು ಆಮೇಲಿರಲಿ, ಮೊದಲು ಜಾಮೀನಿನ ಲೆಕ್ಕ ನೋಡೋಣ.

ಪರಪ್ಪನ ಅಗ್ರಹಾರದಿಂದ ಕಳ್ಳತನದ ಕೇಸಿನಲ್ಲಿ ಹೊರಬರುವ ಒಬ್ಬಾಕೆ ಎಂದಿಟ್ಟುಕೊಳ್ಳಿ. ಕೋರ್ಟಿನ ಆದೇಶ ಬಂದು, ಹೆಸರು, ಕ್ರೈಂ ನಂಬರು ತಾಳೆ ನೋಡಿ ಬಿಡುವಷ್ಟರಲ್ಲಿ ಕತ್ತಲು. ಮೊಬೈಲು, ಆಧಾರ್ ಠಾಣೆಯ ಮುದ್ದೆಮಾಲಿನಲ್ಲಿ. ಹೆಂಗಸರಿಗೆ ಉಚಿತವಾದ ಶಕ್ತಿ ಯೋಜನೆಯ ಬಸ್ಸು ಎದುರಿಗೇ ನಿಂತರೂ ಗುರುತಿನ ಚೀಟಿ ಇಲ್ಲದವಳು ದುಡ್ಡು ಕೊಡಬೇಕು. ಮನೆಯವರು ಕರೆದೊಯ್ಯಲು ಬಂದಾರೆಯೇ? ಗಂಡ ಒಳಗಿದ್ದರೆ ಹೆಂಡತಿ ಬಟ್ಟೆ ಗಂಟು ಹಿಡಿದು ಸಂದರ್ಶನದ ಸಾಲಿನಲ್ಲಿ ನಿಂತಿರುತ್ತಾಳೆ. ಹೆಂಡತಿ ಒಳಗಿದ್ದರೆ ಆ ಸಾಲಿನಲ್ಲಿ ಗಂಡನನ್ನು ನೀವೇ ಹುಡುಕಿ ನೋಡಿ. ಗೇಟಿನ ಹೊರಗೆ ಆಟೋ ನಿಲ್ಲಿಸಿಕೊಂಡು ಕಾಯುತ್ತಿರುವವನು, ವಕೀಲರ ಫೀಸು ಕಟ್ಟಿ, ಯಾರದ್ದೋ ಪಹಣಿ ತಂದು ಶ್ಯೂರಿಟಿ ನಿಲ್ಲಿಸಿದವನು. ಮೊದಲ ಕಳ್ಳತನ ಮಾಡಿಸಿದವನೂ ಅವನೇ ಇರಬಹುದು. ಅವನ ಸಾಲ ಮನೆಗೆಲಸದ ಸಂಬಳದಲ್ಲಿ ತೀರುವಂಥದ್ದಲ್ಲ. ತೀರುವ ದಾರಿ ಯಾವುದೆಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಎಲ್ಲರ ಕಥೆಯೂ ಇದಲ್ಲ, ಬಲ್ಲೆ. ಕುಡಿತಕ್ಕೆ ಬಿದ್ದವರಿದ್ದಾರೆ, ಬೇಕೆಂದೇ ಮಾಡುವವರೂ ಇದ್ದಾರೆ.

ಒಳಗೆ ದುಡಿದ ಹಣ ಇರುತ್ತದಲ್ಲ ಎನ್ನಬಹುದು. ಆ ಕೂಲಿ ಸಿಗುವುದು ಮುಖ್ಯವಾಗಿ ಶಿಕ್ಷೆಯಾದವರಿಗೆ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಹೊಲಿಗೆ ತರಬೇತಿಯ ಫೋಟೊ ಚೆನ್ನಾಗಿಯೇ ಬರುತ್ತದೆ, ಆದರೆ ಹೊರಬಂದವಳಿಗೆ ಯಂತ್ರ ಕೊಡಿಸುವವರು ಯಾರು, ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡುವವರು ಯಾರು? ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯ ಯಜಮಾನಿಗೆ, ಅಂದರೆ ಎಷ್ಟೋ ಮನೆಗಳಲ್ಲಿ ಅತ್ತೆಗೆ.

ಕೇಂದ್ರದ ಬಡ ಕೈದಿಗಳ ನೆರವು ಯೋಜನೆಯಲ್ಲಿ ವಿಚಾರಣಾಧೀನರ ಜಾಮೀನಿಗೆ ಹಣ ಕೊಡಲು ಅವಕಾಶವಿದೆ. ಅದು ಹೊತ್ತಿಗೆ ಸರಿಯಾಗಿ ಸಿಕ್ಕಿದರೆ ಆಟೋದವನ ಹಿಡಿತ ಅರ್ಧ ಸಡಿಲವಾಗುತ್ತದೆ. ಆಸರೆ ಇಲ್ಲದ ಹೆಣ್ಣುಮಕ್ಕಳಿಗೆ ಶಕ್ತಿ ಸದನಗಳಿವೆ; ಅಲ್ಲಿಗೆ ಕರೆದೊಯ್ದು ಬಿಡುವವರು ಬೇಕು. ಕತ್ತಲಾದ ಮೇಲೆ ಬಿಡುವುದಾದರೆ ನಿಮ್ಮದೇ ವಾಹನ, ಜೊತೆಗೊಬ್ಬ ಮಹಿಳಾ ಸಿಬ್ಬಂದಿ ಹೋಗಲಿ. ಆಧಾರ್ ಪ್ರತಿ ಒಳಗಿರುವಾಗಲೇ ಕೈಸೇರಲಿ. ಸಂದರ್ಶನಕ್ಕೆ ಒಬ್ಬರೂ ಬಾರದ ಹೆಂಗಸರ ಪಟ್ಟಿಯನ್ನು ವಾರಕ್ಕೊಮ್ಮೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿ. ಹೊಸ ಸಮಿತಿ ಬೇಕಿಲ್ಲ, ನಿಮ್ಮ ಸಂದರ್ಶನ ರಿಜಿಸ್ಟರ್ ತೆರೆದರೆ ಸಾಕು.

ಇತಿ,
ನಗರದ ಒಬ್ಬ ವಕೀಲೆ